120 ಸೆಂಟಿಮೀಟರ್ ಮೇಜು, 75 ಸೆಂಟಿಮೀಟರ್ ಮೇಜು: ಹಾಸ್ಟೆಲ್ ಕಂಪ್ಯೂಟರ್ ಲ್ಯಾಬಿನಲ್ಲಿ ಐದು ವರ್ಷ

ನಾನಿರುವ ಹಾಸ್ಟೆಲಿನ ನೆಲಮಹಡಿಯಲ್ಲಿ ಒಂದು ಕಂಪ್ಯೂಟರ್ ಲ್ಯಾಬ್ ಇದೆ. ನನ್ನ ಮೊದಲ ಮೂರು ವರ್ಷ ಅದು ಒಂದು ರೂಪದಲ್ಲಿತ್ತು. ಕಳೆದ ಎರಡು ವರ್ಷಗಳಿಂದ ಬೇರೆಯೇ ರೂಪದಲ್ಲಿದೆ. ಕೋಣೆ ಅದೇ, 9 ಮೀಟರ್ ಉದ್ದ, 6 ಮೀಟರ್ ಅಗಲ. ಯಂತ್ರಗಳ ಪ್ರೊಸೆಸರ್, ಮೆಮೊರಿಗಳ ವಿವರ ಬಾಗಿಲ ಪಕ್ಕದ ಫಲಕದಲ್ಲೇ ಇರುವುದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಒಂದು ಯಂತ್ರಕ್ಕೆ ಎಷ್ಟು ಅಗಲದ ಮೇಜು ಸಿಗುತ್ತದೆ ಎಂಬ ಒಂದೇ ಸಂಗತಿ ಈ ಲ್ಯಾಬಿನ ಬಗೆಗಿನ ನನ್ನ ಅಭಿಪ್ರಾಯವನ್ನು ಪೂರ್ತಿ ಬದಲಿಸಿತು ಎಂಬುದನ್ನು ಹೇಳುವುದಕ್ಕಾಗಿಯೇ ಈ ವಿಮರ್ಶೆ.

ಮೊದಲೇ ತಿಳಿಸಬೇಕಾದ ಮಾತೊಂದಿದೆ. ಮೊದಲ ಎರಡು ವರ್ಷ ನನ್ನ ಬಳಿ ಲ್ಯಾಪ್‌ಟಾಪ್ ಇರಲಿಲ್ಲ. ಮನೆಯಲ್ಲಿ ಅದಕ್ಕೆ ಹಣ ಹೊಂದಿಸುವ ಸ್ಥಿತಿಯೂ ಇರಲಿಲ್ಲ. ಮುಂದೆ ಹಳೆಯದೊಂದು ಸಿಕ್ಕಿದರೂ, ನಮ್ಮ ವಿಭಾಗಕ್ಕೆ ಬೇಕಾದ ಸಿಮ್ಯುಲೇಷನ್ ತಂತ್ರಾಂಶದ ಪರವಾನಗಿ ಲ್ಯಾಬಿನ ಯಂತ್ರಗಳಿಗೆ ಮಾತ್ರ ಇತ್ತು. ಹೀಗಾಗಿ ಲ್ಯಾಬ್ ನನಗೆ ಬೇಕಾದಾಗ ಹೋಗಿ ಬರುವ ಅನುಕೂಲವಾಗಿರಲಿಲ್ಲ, ಓದು ನಡೆಯಬೇಕಾದರೆ ಹೋಗಲೇಬೇಕಾದ ಜಾಗವಾಗಿತ್ತು. ಸ್ವಂತ ಯಂತ್ರವಿದ್ದು, ಮುದ್ರಣಕ್ಕಷ್ಟೇ ಅಲ್ಲಿಗೆ ಹೋಗುವವರ ಅನುಭವ ನನ್ನದಕ್ಕಿಂತ ಭಿನ್ನವಾಗಿರಬಹುದು.

ಹಳೆಯ ಜೋಡಣೆ ಸರಳವಾಗಿತ್ತು. ಎರಡು ಉದ್ದ ಗೋಡೆಗಳಿಗೆ ತಾಗಿದಂತೆ ತಲಾ ಏಳು, ಒಟ್ಟು 14 ಯಂತ್ರಗಳಿದ್ದವು. ಪ್ರತಿ ಯಂತ್ರಕ್ಕೆ 120 ಸೆಂಟಿಮೀಟರ್ ಅಗಲದ ಮೇಜು. ಕೋಣೆಯ ನಡುವೆ ಯಂತ್ರಗಳೇ ಇಲ್ಲದ ಒಂದು ಮೀಟರ್ ಅಗಲದ ಉದ್ದನೆಯ ಮೇಜು, ಅದರ ಎರಡೂ ಬದಿಯಲ್ಲಿ ಧಾರಾಳವಾದ ಓಡಾಟದ ಜಾಗ. ಕಿಟಕಿಗಳು ಹಿಂದಿನ ಗಿಡ್ಡ ಗೋಡೆಯಲ್ಲಿದ್ದುದರಿಂದ ಬೆಳಕು ಪ್ರತಿ ಪರದೆಗೂ ಪಕ್ಕದಿಂದ ಬರುತ್ತಿತ್ತು. ಅದು ಪರದೆಯ ಮೇಲೂ ಬೀಳುತ್ತಿರಲಿಲ್ಲ, ನೇರವಾಗಿ ಕಣ್ಣಿಗೂ ಹೊಡೆಯುತ್ತಿರಲಿಲ್ಲ. ಮಾನಿಟರುಗಳೆಲ್ಲ ಕೋಣೆಯ ಒಳಮುಖಕ್ಕೆ ತಿರುಗಿದ್ದ ಕಾರಣ, ನಡುವಿನಲ್ಲಿ ನಿಂತ ಹಿರಿಯ ವಿದ್ಯಾರ್ಥಿಯೊಬ್ಬ ಒಮ್ಮೆ ಸುತ್ತ ನೋಡಿದರೆ ಸಾಕು, ಯಾರ ಪ್ರೋಗ್ರಾಂ ಓಡುತ್ತಿದೆ, ಯಾರು ಅರ್ಧ ಗಂಟೆಯಿಂದ ಒಂದೇ ದೋಷದ ಸಂದೇಶವನ್ನು ದಿಟ್ಟಿಸುತ್ತಿದ್ದಾರೆ ಎಂಬುದು ತಿಳಿದುಬಿಡುತ್ತಿತ್ತು. ಕೇಳಲು ಸಂಕೋಚಪಡುತ್ತಿದ್ದ ನನ್ನಂಥವರ ಬಳಿಗೆ ಸಹಾಯ ತಾನಾಗಿಯೇ ನಡೆದು ಬರುತ್ತಿತ್ತು.

ಆ ದಿನಗಳ ನನ್ನ ದಿನಚರಿ ಈಗಲೂ ಕೈಬೆರಳುಗಳಿಗೆ ನೆನಪಿದೆ. ಬೆಳಗಿನ ಐದು ಗಂಟೆಗೆ ಇಳಿದು ಬಂದು, ದಪ್ಪ ರಿಜಿಸ್ಟರಿನಲ್ಲಿ ಹೆಸರು, ಆಸನದ ಸಂಖ್ಯೆ, ಬಂದ ಸಮಯವನ್ನು ಬರೆದು, ಎಡಗೋಡೆಯ ನಾಲ್ಕನೆಯ ಯಂತ್ರದ ಮುಂದೆ ಕೂರುತ್ತಿದ್ದೆ. ಯಂತ್ರ ಎಚ್ಚರಗೊಳ್ಳುವಷ್ಟರಲ್ಲಿ ಕರವಸ್ತ್ರದಿಂದ ಕೀಬೋರ್ಡ್ ಒರೆಸಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಕುರ್ಚಿಯನ್ನು ಏರಿಸಿ, ಬಲಗಡೆಯ ಖಾಲಿ ಮೇಜಿನ ಮೇಲೆ ನೋಟುಪುಸ್ತಕವನ್ನು ಪೂರ್ತಿ ಬಿಚ್ಚಿಡುತ್ತಿದ್ದೆ. ಹಾಗೆ ಬಿಚ್ಚಿಡುವುದರ ಸುಖ, ಅದು ಇಲ್ಲವಾದ ಮೇಲೆ ನನಗೆ ಅರ್ಥವಾಯಿತು. ಕಿಟಕಿ ತೆರೆದರೆ ಹೊರಗಿನ ತಂಪು ಒಳಗೆ ಬರುತ್ತಿತ್ತು. ಕೆಲವೇ ಯಂತ್ರಗಳ ಫ್ಯಾನುಗಳು ತಿರುಗುವ ಸಣ್ಣ ಸದ್ದು ಬಿಟ್ಟರೆ ಆ ಹೊತ್ತಿನಲ್ಲಿ ಬೇರೆ ಸದ್ದಿರುತ್ತಿರಲಿಲ್ಲ.

ರಾತ್ರಿಯ ಚಿತ್ರವೇ ಬೇರೆ. ವಸತಿ ಕಾಲೇಜಿನಲ್ಲಿ ನಿಜವಾದ ಕೆಲಸ ಆರಂಭವಾಗುವುದು ಊಟ ಮುಗಿದ ಮೇಲೆ. ತರಗತಿಗಳ ಕಟ್ಟಡದ ದೊಡ್ಡ ಲ್ಯಾಬ್ ಆ ವೇಳೆಗೆ ಬೀಗ ಹಾಕಿಕೊಂಡಿರುತ್ತದೆ. ಒಂಬತ್ತರಿಂದ ಒಂದರವರೆಗೆ ನಮ್ಮ ಲ್ಯಾಬ್ ತುಂಬಿರುತ್ತಿತ್ತು, ಆದರೆ ಯಂತ್ರಕ್ಕೊಬ್ಬರಂತೆ ಅಲ್ಲ. ಪರೀಕ್ಷೆಯ ಹಿಂದಿನ ಒಂದು ರಾತ್ರಿ ಎಣಿಸಿ ನೋಡಿದಾಗ 14 ಯಂತ್ರಗಳ ಮುಂದೆ 23 ಮಂದಿ ಇದ್ದೆವು. ಒಬ್ಬರು ಟೈಪ್ ಮಾಡುತ್ತಿದ್ದರೆ ಮತ್ತೊಬ್ಬರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಸಾಲುಗಳನ್ನು ಗಟ್ಟಿಯಾಗಿ ಓದುತ್ತ, ಲೂಪ್ ಏಕೆ ನಿಲ್ಲುತ್ತಿಲ್ಲ ಎಂದು ಪರದೆಯತ್ತ ಬೆರಳು ತೋರಿಸುತ್ತಿದ್ದರು. ನನಗೆ ಪಾಯಿಂಟರ್ ಎಂದರೇನೆಂದು ಅರ್ಥವಾದದ್ದು ಉಪನ್ಯಾಸದಲ್ಲಿ ಅಲ್ಲ, ಹಾಗೆ ಪಕ್ಕದಲ್ಲಿ ಕೂತ ಸಹಪಾಠಿಯೊಬ್ಬಳು ನಡುವಿನ ಮೇಜಿನ ಮೇಲೆ ಹಾಳೆ ಹರಡಿ ಚೌಕಗಳನ್ನೂ ಬಾಣಗಳನ್ನೂ ಬರೆದು ತೋರಿಸಿದಾಗ. ಇದಕ್ಕೆಲ್ಲ ಜಾಗ ಕೊಟ್ಟದ್ದು ಆ 120 ಸೆಂಟಿಮೀಟರ್.

ನಾಲ್ಕನೆಯ ವರ್ಷ ರಜೆ ಮುಗಿಸಿ ಬಂದಾಗ ಕೋಣೆಯಲ್ಲಿ 35 ಯಂತ್ರಗಳಿದ್ದವು. ಎಲ್ಲವೂ ಹೊಸವು, ವೇಗದವು; ಒತ್ತಿದ ಕೆಲವೇ ಕ್ಷಣಗಳಲ್ಲಿ ಸಿದ್ಧವಾಗುವಂಥವು. ಮೊದಲ ದಿನ ನಾನೂ ಎಲ್ಲರಂತೆ ಸಂತೋಷಪಟ್ಟೆ. ಎರಡನೆಯ ವಾರ ಅಳತೆಪಟ್ಟಿ ತಂದು ಅಳೆದೆ. ಒಬ್ಬರಿಗೆ 75 ಸೆಂಟಿಮೀಟರ್ ಮೇಜು. ಏಳು ಯಂತ್ರಗಳ ಒಂದು ಸಾಲಿಗೆ 5.25 ಮೀಟರ್, 6 ಮೀಟರ್ ಅಗಲದಲ್ಲಿ ಉಳಿಯುವುದು ಒಂದು ಬದಿಯ 75 ಸೆಂಟಿಮೀಟರ್ ದಾರಿ ಮಾತ್ರ. ಇಂತಹ ಐದು ಸಾಲುಗಳು ಒಂದರ ಹಿಂದೊಂದು, ಎಲ್ಲವೂ ಬೋಧಕರ ಫಲಕದ ಕಡೆಗೆ ಮುಖಮಾಡಿವೆ. ನಡುವಿನ ಮೇಜು ಹೋಯಿತು. ಒಬ್ಬರಿಗೆ ಸುಮಾರು 3.9 ಚದರ ಮೀಟರ್ ಇದ್ದದ್ದು ಈಗ ಒಂದೂವರೆಗೆ ಇಳಿದಿದೆ.

ಗೋಡೆಯ ಕಡೆಯ ಆಸನದಲ್ಲಿ ಕೂತವರು ನೀರು ಕುಡಿಯಲು ಏಳಬೇಕೆಂದರೆ ಆರು ಕುರ್ಚಿಗಳ ಬೆನ್ನ ಹಿಂದೆ ನುಸುಳಿ ಹೋಗಬೇಕು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕುವುದು ಅಸಾಧ್ಯ, ಮೊಣಕೈ ಪಕ್ಕದಲ್ಲೇ ಮತ್ತೊಬ್ಬರ ಮೌಸ್ ಇರುತ್ತದೆ. ನೋಟುಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತೇವೆ. ಕಿಟಕಿಗಳು ಈಗ ಎಲ್ಲರ ಬೆನ್ನ ಹಿಂದಿರುವುದರಿಂದ ಹಗಲಿನಲ್ಲಿ 35 ಪರದೆಗಳಲ್ಲೂ ಅವುಗಳದೇ ಪ್ರತಿಬಿಂಬ. ಅದಕ್ಕೆ ಪರಿಹಾರವಾಗಿ ದಪ್ಪ ಪರದೆಬಟ್ಟೆ ಇಳಿಬಿಟ್ಟು ಹಗಲೂ ದೀಪ ಹಾಕುತ್ತಾರೆ. ಗಾಲಿಕುರ್ಚಿ ಸಲೀಸಾಗಿ ಸಾಗಲು ಕನಿಷ್ಠ 90 ಸೆಂಟಿಮೀಟರ್ ದಾರಿ, ತಿರುಗಲು 150 ಸೆಂಟಿಮೀಟರ್ ಬೇಕು. ಹಳೆಯ ಲ್ಯಾಬಿನಲ್ಲಿ ತನಗಿಷ್ಟವಾದ ಯಾವುದೇ ಯಂತ್ರಕ್ಕೆ ಹೋಗುತ್ತಿದ್ದ ನಮ್ಮ ಸಹಪಾಠಿಯೊಬ್ಬ ಈಗ ಮುಂದಿನ ಸಾಲಿನ ತುದಿಯಲ್ಲಿ ಮಾತ್ರ ಕೂರಬಲ್ಲ. ಆ ಆಸನದಲ್ಲಿ ಬೇರೆಯವರು ಕೂತಿದ್ದರೆ ಅವನು ಏನೂ ಹೇಳದೆ ಹಿಂದಿರುಗುತ್ತಾನೆ. ಈ ಲ್ಯಾಬಿನ ಬಗ್ಗೆ ನನಗೆ ಅತ್ಯಂತ ನೋವು ತಂದಿರುವ ಸಂಗತಿ ಇದು.

ಸೆಖೆಯ ಲೆಕ್ಕವನ್ನೂ ಯಾರೋ ಮರೆತಿದ್ದಾರೆ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಹೆಚ್ಚುಕಡಿಮೆ 100 ವ್ಯಾಟ್ ಶಾಖ ಹೊರಬರುತ್ತದೆ. ಮಾನಿಟರ್ ಸಮೇತ ಕೆಲಸದಲ್ಲಿರುವ ಡೆಸ್ಕ್‌ಟಾಪ್ ಕಂಪ್ಯೂಟರಿಗೂ ಸ್ಥೂಲವಾಗಿ ಅಷ್ಟನ್ನೇ ಹಿಡಿಯಬಹುದು. 14 ಆಸನಗಳಿದ್ದಾಗ ಅದು 2.8 ಕಿಲೋವ್ಯಾಟ್, ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕಬಲ್ಲ ಒಂದು ಟನ್ನಿನ ಎಸಿಗೆ ಸಲ್ಲುವ ಹೊರೆ. 35 ಆಸನ ತುಂಬಿದರೆ 7 ಕಿಲೋವ್ಯಾಟ್. ಗೋಡೆ, ಕಿಟಕಿ, ದೀಪಗಳ ಶಾಖವನ್ನು ಸೇರಿಸದೆಯೇ ಎರಡು ಟನ್ ಬೇಕು. ಎಸಿ ಮಾತ್ರ ಹಳೆಯದೇ, ಒಂದೇ ಟನ್ನಿನದು. ಪರದೆಬಟ್ಟೆಯ ಹಿಂದಿನ ಕಿಟಕಿಯನ್ನು ಈಗ ಯಾರೂ ತೆರೆಯುವುದಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ತಲೆ ಭಾರವಾಗಿ, ಓದಿದ ಸಾಲನ್ನೇ ಮತ್ತೆ ಓದುವ ಸ್ಥಿತಿ ಬರುತ್ತದೆ.

ಹೊಸ ಜೋಡಣೆಯಿಂದ ಪ್ರಯೋಜನವೇ ಇಲ್ಲವೆಂದರೆ ಅನ್ಯಾಯವಾಗುತ್ತದೆ. ಮೊದಲ ವರ್ಷದ ತಂಡವನ್ನು ಹಿಂದೆ ಮೂರು ಭಾಗ ಮಾಡಿ ಪರೀಕ್ಷೆ ನಡೆಸುತ್ತಿದ್ದರು. ಈಗ ಎಲ್ಲರೂ ಒಂದೇ ಅವಧಿಯಲ್ಲಿ ಬರೆದು ಮುಗಿಸುತ್ತಾರೆ. ಪಾಠ ಮಾಡುವವರಿಗೆ ಎಲ್ಲರ ಮುಖ ಕಾಣುತ್ತದೆ. ಆದರೆ ಅದು ವಾರದ ಕೆಲವು ಗಂಟೆಗಳ ಅಗತ್ಯ. ಉಳಿದ ಹಗಲು ರಾತ್ರಿಗಳಲ್ಲಿ ಈ ಕೋಣೆ ತರಗತಿಯಲ್ಲ, ಇಲ್ಲೇ ವಾಸಿಸುವವರ ಓದಿನ ಮನೆ. ಅಂತಹ ಜಾಗವನ್ನು ತರಗತಿಯ ಅಳತೆಯಲ್ಲಿ ಯೋಜಿಸಿದ್ದೇ ತಪ್ಪು ಎಂದು ನಾನು ನಂಬಿದ್ದೇನೆ. ಈಗ ಬರುವವರಲ್ಲಿ ಹೆಚ್ಚಿನವರು ಲ್ಯಾಪ್‌ಟಾಪ್ ತರುತ್ತಾರೆ. ಅವರಿಗೆ ಬೇಕಾದದ್ದು ಮೇಜಿನ ಮಟ್ಟದಲ್ಲೊಂದು ಪ್ಲಗ್ಗು, ಹಾಳೆ ಹರಡಲು ಜಾಗ ಮತ್ತು ಪಕ್ಕದಲ್ಲಿ ಕೂರಲು ಒಬ್ಬ ಸ್ನೇಹಿತ. ಈ ಮೂರೂ ಇಲ್ಲದ ಕಾರಣ ಅವರು ಮೆಟ್ಟಿಲುಗಳ ಮೇಲೆ ಗುಂಪಾಗಿ ಕೂತು ಕೆಲಸ ಮಾಡುತ್ತಾರೆ, ಒಳಗೆ ಹಲವು ಯಂತ್ರಗಳು ಖಾಲಿ ಇರುತ್ತವೆ. ಗೋಡೆಯ ಸುತ್ತ ಮತ್ತೆ 14 ಯಂತ್ರಗಳನ್ನಿಟ್ಟು, ನಡುವಿನ ಮೇಜನ್ನು ಪ್ಲಗ್ಗುಗಳ ಸಮೇತ ಮರಳಿಸಿದರೆ, ಈಗ ಬರುವಷ್ಟೇ ಜನರಿಗೆ ಈ ಕೋಣೆ ಸಾಕಾಗುತ್ತದೆ. ಇದನ್ನು ಅಳತೆಗಳ ನಕ್ಷೆಯೊಂದಿಗೆ ಬರೆದು ವಾರ್ಡನರಿಗೆ ಕೊಟ್ಟಿದ್ದೇನೆ.

ಸದ್ಯಕ್ಕೆ ನಾನು ದಾರಿಯ ಪಕ್ಕದ ಆಸನವನ್ನೇ ಹಿಡಿಯುತ್ತೇನೆ. ರಾತ್ರಿ ಸ್ನೇಹಿತ ಬಂದರೆ ಕೊಠಡಿಯಿಂದ ಸ್ಟೂಲ್ ತಂದು ಆ ದಾರಿಯಲ್ಲಿಟ್ಟು ಕೂರಿಸಿಕೊಳ್ಳುತ್ತಿದ್ದೆ. ಕಳೆದ ತಿಂಗಳು ಲ್ಯಾಬಿನ ಮೇಲ್ವಿಚಾರಕರು ಬಂದು, ಬೆಂಕಿ ಬಿದ್ದರೆ 35 ಮಂದಿ ಹೊರಹೋಗಬೇಕಾದದ್ದು ಇದೊಂದೇ ದಾರಿಯಲ್ಲಿ ಎಂದು ಹೇಳಿ ಸ್ಟೂಲನ್ನು ಎತ್ತಿಸಿದರು. ಅವರು ಹೇಳಿದ್ದು ಸರಿ. ಈಗ ನಾವಿಬ್ಬರೂ ಮೆಟ್ಟಿಲ ಮೇಲೆ ಕೂರುತ್ತೇವೆ, ಸಿಮ್ಯುಲೇಷನ್ ಒಳಗಿನ ಯಂತ್ರದಲ್ಲಿ ಓಡುತ್ತಿರುತ್ತದೆ, ಹತ್ತು ನಿಮಿಷಕ್ಕೊಮ್ಮೆ ಒಬ್ಬರು ಎದ್ದು ಹೋಗಿ ನೋಡಿ ಬರುತ್ತೇವೆ.