ಸೋಪ್ ಮೇಕಿಂಗ್ ಕಿಟ್: ದುಡ್ಡು ಕೊಡುವ ಮುಂಚೆ ಪೆಟ್ಟಿಗೆಯೊಳಗೆ ಇಣುಕಿ

ಆನ್‌ಲೈನ್‌ನಲ್ಲಿ ‘ಸೋಪ್ ಮೇಕಿಂಗ್ ಕಿಟ್’ ಅಂತ ಸಿಗುವ ಪೆಟ್ಟಿಗೆಗಳ ಬ್ರಾಂಡ್ ಯಾವುದಾದರೂ ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ. ಅರ್ಧ ಅಥವಾ ಒಂದು ಕಿಲೋ ಸೋಪ್ ಬೇಸ್, ಆರು ಗುಳಿಯ ಸಿಲಿಕಾನ್ ಅಚ್ಚು, ಪುಟ್ಟ ಬಾಟಲಿಗಳಲ್ಲಿ ಬಣ್ಣ ಮತ್ತು ಸುಗಂಧ, ಒಣಗಿದ ಗುಲಾಬಿ ಎಸಳು, ಒಂದು ಜೊತೆ ತೆಳು ಗ್ಲೌಸ್. ಇಷ್ಟರಲ್ಲಿ ಆಗುವುದು ಸಿದ್ಧ ಸೋಪನ್ನು ಕರಗಿಸಿ ಎರಕ ಹೊಯ್ಯುವ ಕೆಲಸ. ಎಣ್ಣೆ ಸೋಪಾಗಲು ಕಾಸ್ಟಿಕ್ ಸೋಡಾ ಬೇಕು, ಅದು ಈ ಪೆಟ್ಟಿಗೆಯಲ್ಲಿ ಇರುವುದಿಲ್ಲ.

ರಜೆಯಲ್ಲಿ ಮಕ್ಕಳ ಜೊತೆ ಒಂದು ಮಧ್ಯಾಹ್ನ ಕಳೆಯಲು ಕಿಟ್ ಚೆನ್ನಾಗಿಯೇ ಇದೆ. ಬೇಸನ್ನು ಹೋಳು ಮಾಡಿ, ಬಿಸಿನೀರಿನ ಮೇಲಿಟ್ಟ ಪಾತ್ರೆಯಲ್ಲಿ 65 ಡಿಗ್ರಿ ದಾಟದಂತೆ ಕರಗಿಸಿದರೆ ಸಾಕು. ಕುದಿಸಿದರೆ ನೀರಿನಂಶ ಹೋಗಿ ಸೋಪು ರಬ್ಬರಿನಂತಾಗುತ್ತದೆ. ಬೇಸಿನಲ್ಲಿರುವ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ಸೋಪಿನ ಮೇಲೆ ಬೆವರಿನ ಹನಿ ಕೂರುತ್ತದೆ. ಅಚ್ಚಿನಿಂದ ಬಿಡಿಸಿದ ಕೂಡಲೇ ಕ್ಲಿಂಗ್ ಫಿಲ್ಮ್ ಸುತ್ತಿಡಿ.

ಎಣ್ಣೆಯಿಂದಲೇ ಸೋಪು ಮಾಡುವ ಆಸೆಯಿದ್ದರೆ ಕಿಟ್ ಬಿಟ್ಟು ಸಾಮಾನು ಬಿಡಿಯಾಗಿ ತನ್ನಿ. ಮೊದಲ ದುಡ್ಡು ತೂಕದ ಯಂತ್ರಕ್ಕೆ ಹೋಗಲಿ. ಯಾಕೆಂದರೆ ಲೆಕ್ಕ ಹೀಗಿದೆ: ಕೊಬ್ಬರಿ ಎಣ್ಣೆ 200 ಗ್ರಾಂ, ಆಲಿವ್ ಎಣ್ಣೆ 250 ಗ್ರಾಂ, ಹರಳೆಣ್ಣೆ 50 ಗ್ರಾಂ. ಈ 500 ಗ್ರಾಂ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 76.5 ಗ್ರಾಂ ಕಾಸ್ಟಿಕ್ ಬೇಕು. ಚರ್ಮಕ್ಕೆ ಹಿತವಾಗಿರಲೆಂದು ಶೇ. 5ರಷ್ಟು ಎಣ್ಣೆಯನ್ನು ಹಾಗೇ ಉಳಿಸುವುದು ರೂಢಿ, ಆಗ ಹಾಕಬೇಕಾದ್ದು 72.7 ಗ್ರಾಂ. ನಡುವಿನ ಅಂತರ ನಾಲ್ಕು ಗ್ರಾಮೂ ಇಲ್ಲ. ಎರಡು ಮೂರು ಗ್ರಾಂ ಆಚೀಚೆ ತೋರಿಸುವ ಅಡುಗೆಮನೆ ತಕ್ಕಡಿ ಆ ಅಂತರವನ್ನು ಬಹುಪಾಲು ನುಂಗಿಬಿಡುತ್ತದೆ, ಸೋಪು ಮೈ ಉರಿಸಲೂಬಹುದು. 0.1 ಗ್ರಾಂ ತೋರಿಸುವ, 500 ಗ್ರಾಂವರೆಗೆ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಕಾಸ್ಟಿಕ್‌ಗೆ ಇರಲಿ, ಎಣ್ಣೆಗೆ ಅಡುಗೆಮನೆಯದೇ ಸಾಕು. ಚಮಚದ ಅಳತೆ ಹೇಳುವ ವಿಡಿಯೋಗಳನ್ನು ಅಲ್ಲೇ ಮುಚ್ಚಿ.

ಆಲಿವ್ ದುಬಾರಿ ಅಂತ ಆ 250 ಗ್ರಾಂ ಜಾಗಕ್ಕೂ ಕೊಬ್ಬರಿ ಎಣ್ಣೆಯನ್ನೇ ಸುರಿದರೆ ಕಾಸ್ಟಿಕ್ ಸುಮಾರು 12 ಗ್ರಾಂ ಹೆಚ್ಚು ಬೇಕಾಗುತ್ತದೆ. ಒಂದೊಂದು ಎಣ್ಣೆಗೆ ಒಂದೊಂದು ಪ್ರಮಾಣ. ಎಣ್ಣೆ ಬದಲಾದಾಗೆಲ್ಲ, ಎಣ್ಣೆಗೆ ತಕ್ಕ ಕಾಸ್ಟಿಕ್ ಎಷ್ಟೆಂದು ಹೇಳುವ ಆನ್‌ಲೈನ್ ‘ಲೈ ಕ್ಯಾಲ್ಕುಲೇಟರ್’ನಲ್ಲಿ ಹೊಸದಾಗಿ ಲೆಕ್ಕ ಹಾಕಬೇಕು.

ಕಾಸ್ಟಿಕ್ ಕೊಳ್ಳುವುದು ಕೆಮಿಕಲ್ ಅಂಗಡಿಯಲ್ಲಿ. ಬರೀ ‘ಸೋಡಾ’ ಅಂದರೆ ವಾಷಿಂಗ್ ಸೋಡಾ ಕಟ್ಟಿಕೊಟ್ಟಾರು, ಅದರಿಂದ ಈ ಕೆಲಸ ಆಗದು. ‘ಸೋಡಿಯಂ ಹೈಡ್ರಾಕ್ಸೈಡ್’ ಎಂದು ಲೇಬಲ್ ಇರುವ, ಸೀಲ್ ಒಡೆಯದ ಅರ್ಧ ಕಿಲೋ ಡಬ್ಬಿ ಕೇಳಿ. ಲೇಬಲ್ ಮೇಲೆ ಶುದ್ಧತೆ ಶೇ. 97ಕ್ಕಿಂತ ಕಡಿಮೆ ಇರಬಾರದು. ಚೀಲದಿಂದ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕೊಡುವ ಸರಕು ಅಗ್ಗ, ಆದರೆ ತೇವ ಕುಡಿದು ಹಳುಕು ಹಳುಕು ಅಂಟಿಕೊಂಡಿದ್ದರೆ ತೂಕದಲ್ಲಿ ನೀರೂ ಸೇರಿದೆ ಅಂತಲೇ ಅರ್ಥ. ಅಂಥದ್ದರಲ್ಲಿ ಮಾಡಿದ ಸೋಪು ಜಿಡ್ಡುಜಿಡ್ಡಾಗಿ, ಗಟ್ಟಿಯಾಗದೆ ಉಳಿಯುತ್ತದೆ. ಪೈಪ್ ಕಟ್ಟಿಕೊಂಡಾಗ ಹಾಕುವ ಡ್ರೇನ್ ಕ್ಲೀನರ್ ಪುಡಿ ಬೇಡವೇ ಬೇಡ, ಅದರಲ್ಲಿ ಬೇರೆ ಬೆರಕೆಗಳೂ ಇರುತ್ತವೆ.

ಬೋರ್‌ವೆಲ್ ನೀರೂ ಬೇಡ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸುಲಭಕ್ಕೆ ಸಿಗುತ್ತದೆ, ಮೇಲಿನ ಅಳತೆಗೆ 145 ಗ್ರಾಂ ಸಾಕು. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕ್ಯಾನೂ ಪಕ್ಕದಲ್ಲೇ ಇರುತ್ತದೆ, ಲೇಬಲ್ ಓದಿ ತನ್ನಿ.

ಕೊಬ್ಬರಿ ಎಣ್ಣೆಗೆ ಗಾಣದ್ದೇ ಆಗಬೇಕೆಂದಿಲ್ಲ, ಖಾದ್ಯ ತೈಲ ಅಂತ ಬರೆದಿದ್ದರೆ ಸಾಕು. ತಲೆಗೆ ಹಚ್ಚುವ ಎಣ್ಣೆಗಳಲ್ಲಿ ಹಲವಕ್ಕೆ ಮಿನರಲ್ ಆಯಿಲ್ ಸೇರಿಸಿರುತ್ತಾರೆ, ಅದು ಎಷ್ಟು ಕಲಕಿದರೂ ಸೋಪಾಗುವುದಿಲ್ಲ. ಆಲಿವ್‌ನಲ್ಲಿ ಪೊಮಾಸ್ ದರ್ಜೆಯದೇ (ಹಿಂಡಿ ಉಳಿದ ಹಿಂಡಿಯಿಂದ ತೆಗೆದ ಎಣ್ಣೆ) ಸಾಕು. ಸೂರ್ಯಕಾಂತಿ ಎಣ್ಣೆ ಹೆಚ್ಚಾದರೆ ಸೋಪಿನ ಮೇಲೆ ಕೆಲವು ತಿಂಗಳಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಎದ್ದು ಕಮಟು ವಾಸನೆ ಬರುತ್ತದೆ.

ಪಾತ್ರೆ ಸ್ಟೀಲಿನದು, ಇಲ್ಲವೇ ತಳದಲ್ಲಿ 5 ಎಂದು ಅಚ್ಚಾದ ಪ್ಲಾಸ್ಟಿಕ್ಕು. ಅಲ್ಯೂಮಿನಿಯಂ ಆದರೆ ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಹೊರಡಿಸುತ್ತದೆ. ಕೈಗೆ ಮೊಣಕೈವರೆಗಿನ ರಬ್ಬರ್ ಗ್ಲೌಸ್, ಕಣ್ಣಿಗೆ ಹಾರ್ಡ್‌ವೇರ್ ಅಂಗಡಿಯ ಗಾಗಲ್ಸ್, ನಂಬರಿನ ಕನ್ನಡಕ ನೆಚ್ಚಿಕೊಳ್ಳಬೇಡಿ. ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಬಿಸಿ 80 ಡಿಗ್ರಿ ಮೀರಿ ಏರಿ ಹಬೆ ಮೂಗಿಗೆ ಬಡಿಯುವುದರಿಂದ ಕಿಟಕಿ ತೆರೆದಿರಲಿ. ಮೈಗೆ ತಾಗಿದರೆ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆಯಿರಿ, ವಿನೆಗರ್ ಸುರಿಯಬೇಡಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಬೇಕು.

ಕಾಸ್ಟಿಕ್ ನೀರು, ಬೆಚ್ಚಗೆ ಮಾಡಿದ ಎಣ್ಣೆ ಎರಡೂ ಸುಮಾರು 40 ಡಿಗ್ರಿಗೆ ಇಳಿದ ಮೇಲೆ ಬೆರೆಸಿ, ಸ್ಟೀಲ್ ಕಾಲಿನ ಹ್ಯಾಂಡ್ ಬ್ಲೆಂಡರ್ ಬಿಟ್ಟು ಬಿಟ್ಟು ಆಡಿಸಿ. ಮೇಲೆತ್ತಿ ತೊಟ್ಟಿಕ್ಕಿಸಿದ ಗೆರೆ ಒಂದು ಗಳಿಗೆ ಮುಳುಗದೆ ನಿಂತರೆ ಅಚ್ಚಿಗೆ ಸುರಿಯುವ ಹದ.

ಸುಗಂಧಕ್ಕೆ ಎಣ್ಣೆಯ ತೂಕದ ಶೇ. 3, ಅಂದರೆ 15 ಗ್ರಾಂ ಮೇಲುಮಿತಿ. ಲವಂಗ, ದಾಲ್ಚಿನ್ನಿ ಎಣ್ಣೆಗಳಿಗೆ ಮಿತಿ ಇನ್ನೂ ತುಂಬಾ ಕಡಿಮೆ. ನಮ್ಮಲ್ಲಿ ಅಗರಬತ್ತಿ ಕಾಂಪೌಂಡ್ ಅಗ್ಗಕ್ಕೆ ಸಿಗುತ್ತದೆ ಅಂತ ಅದನ್ನೇ ಸುರಿಯುವವರಿದ್ದಾರೆ. ಅದು ಚರ್ಮಕ್ಕೆಂದು ಮಾಡಿದ್ದಲ್ಲ, ಸೋಪಿನ ಹಿಟ್ಟು ಕ್ಷಣದಲ್ಲಿ ಗಡ್ಡೆ ಕಟ್ಟುವುದೂ ಉಂಟು. ಕೆಲವು ನೂರು ರೂಪಾಯಿಗೆ ದೊಡ್ಡ ಬಾಟಲಿ ‘ಗಂಧದೆಣ್ಣೆ’ ಸಿಕ್ಕರೆ ಅದರಲ್ಲಿ ಶ್ರೀಗಂಧ ಹುಡುಕಬೇಡಿ. ಬಣ್ಣಕ್ಕೆ ಅರಿಶಿನ ಹಾಕಿದರೆ ಸುಣ್ಣ ಬೆರೆತ ಓಕುಳಿಯ ಹಾಗೆ ಮೊದಲು ಕೆಂಪಗಾಗುತ್ತದೆ, ಗಾಬರಿ ಬೇಡ, ದಿನ ಕಳೆದಂತೆ ಹಳದಿಗೆ ತಿರುಗುತ್ತದೆ. ಕಿಟ್‌ನ ದ್ರವ ಬಣ್ಣಗಳು ಕಾಸ್ಟಿಕ್‌ಗೆ ತಡೆಯುವ ಭರವಸೆ ಇಲ್ಲ.

ಕಿಟ್‌ನಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ಅಚ್ಚು. ಅದೂ ಗುಳಿಗೆ 80ರಿಂದ 100 ಗ್ರಾಂ ಹಿಡಿಯುವಂಥದ್ದು, ಮೇಲಿನ ಅಳತೆಯ 720 ಗ್ರಾಂ ಹಿಟ್ಟು ಅದರಲ್ಲಿ ಪೂರ್ತಿ ಹಿಡಿಸದು. ಬಟರ್ ಪೇಪರ್ ಹಾಸಿದ ಒಂದು ಲೀಟರ್ ಐಸ್‌ಕ್ರೀಂ ಡಬ್ಬಿಯಲ್ಲಿ ಹಿಡಿಸುತ್ತದೆ. ಒಂದೆರಡು ದಿನಕ್ಕೆ ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಗೆ ಒಣಗಲು ಬಿಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಎರಡು ವಾರ ಸೇರಿಸಿಕೊಳ್ಳಿ.

‘ಮನೆಯಲ್ಲೇ ಬಿಸಿನೆಸ್ ಶುರು ಮಾಡಿ’ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಇದೊಂದು ಗೊತ್ತಿರಲಿ: ಮೈ ಸೋಪು ಕಾನೂನಿನ ಪ್ರಕಾರ ಸೌಂದರ್ಯವರ್ಧಕ, ತಯಾರಿಸಿ ಮಾರಲು ಕಾಸ್ಮೆಟಿಕ್ಸ್ ರೂಲ್ಸ್ 2020ರಡಿ ಪರವಾನಗಿ ಬೇಕು.