ಜರ್ಮನಿಯ ಸ್ವಯಂಸೇವೆಗೆ ‘ಖಚಿತ ಸ್ಥಾನ’ ಎಂದು ಹಣ ಕೇಳುವವರ ಬಗ್ಗೆ ಎಚ್ಚರವಿರಲಿ

ಜರ್ಮನಿಯಲ್ಲಿ ಒಂದು ವರ್ಷದ ಸ್ವಯಂಸೇವೆಗೆ, ಅಂದರೆ ಎಫ್‌ಎಸ್‌ಜೆ (ಯುವಜನರ ಸ್ವಯಂಸೇವಾ ಸಾಮಾಜಿಕ ವರ್ಷ) ಅಥವಾ ಬಿಎಫ್‌ಡಿ (ಅಲ್ಲಿನ ಸರ್ಕಾರದ ಸ್ವಯಂಸೇವಾ ಯೋಜನೆ) ಎಂಬ ಯೋಜನೆಗಳಿಗೆ ಅರ್ಜಿ ಹಾಕಿ ಕಾಯುತ್ತಿರುವವರು, ಅದರಲ್ಲೂ ಈಗಾಗಲೇ ಒಂದೆರಡು ಬಾರಿ ನಿರಾಕರಣೆ ಕಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ವರ್ಷ ನಾನು ಇದೇ ಹಾದಿಯಲ್ಲಿ 1,45,000 ರೂಪಾಯಿ ಕಳೆದುಕೊಂಡೆ. ಅದರಲ್ಲಿ ಹೆಚ್ಚಿನ ಪಾಲು ಅಮ್ಮನ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು ತಂದ ಹಣ.

ನನ್ನದು ತೀರ್ಥಹಳ್ಳಿ ಕಡೆಯ ಊರು. ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ಮೂರು ವರ್ಷ ನೋಡಿಕೊಂಡದ್ದರಿಂದ ವೃದ್ಧರ ಆರೈಕೆಯ ಕೆಲಸ ನನಗೆ ಹೊಸದಾಗಿರಲಿಲ್ಲ, ಬೇಸರದ್ದೂ ಆಗಿರಲಿಲ್ಲ. ಪದವಿ ಮುಗಿದ ಮೇಲೆ ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಜರ್ಮನ್ ಕಲಿತು ಎ2, ಅಂದರೆ ಭಾಷೆಯ ಎರಡನೆಯ ಹಂತ ಮುಗಿಸಿದೆ. ಜರ್ಮನಿಯಲ್ಲಿ ಕಡ್ಡಾಯ ಸೈನಿಕ ಸೇವೆ ಇದ್ದ ಕಾಲದಲ್ಲಿ ಸೈನ್ಯಕ್ಕೆ ಸೇರಲು ಒಪ್ಪದ ಯುವಕರು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಸೇವೆ ಸಲ್ಲಿಸುತ್ತಿದ್ದರು. 2011ರಲ್ಲಿ ಆ ಕಡ್ಡಾಯವನ್ನು ತಡೆಹಿಡಿದಾಗ ಆ ಜಾಗಗಳನ್ನು ತುಂಬಲೆಂದೇ ಬಿಎಫ್‌ಡಿ ಆರಂಭವಾಯಿತು. ಎಫ್‌ಎಸ್‌ಜೆ ಅದಕ್ಕಿಂತ ಬಹಳ ಹಳೆಯದು, 1964ರ ಕಾನೂನಿನದ್ದು. ಇದನ್ನೆಲ್ಲ ಓದಿದಾಗ ನನ್ನಂಥವಳಿಗೆ ಅಲ್ಲಿ ನಿಜವಾಗಿಯೂ ಕೆಲಸವಿದೆ ಎಂಬ ನಂಬಿಕೆ ಬಂತು. ಆ ನಂಬಿಕೆ ತಪ್ಪಾಗಿರಲಿಲ್ಲ ಎಂದು ಈಗಲೂ ಹೇಳುತ್ತೇನೆ.

ಅರ್ಜಿಗಳು ಮಾತ್ರ ಒಂದೊಂದಾಗಿ ಮುರಿದುಬಿದ್ದವು. ಮೊದಲನೆಯ ವೃದ್ಧಾಶ್ರಮದಲ್ಲಿ ಸ್ಥಾನಗಳು ಭರ್ತಿಯಾಗಿದ್ದವು. ಎರಡನೆಯವರು ವಿಡಿಯೊ ಸಂದರ್ಶನ ಮಾಡಿ, ಅವರ ಮಾತಿನ ವೇಗ ನನಗೆ ಹಿಡಿಯದೇ ಹೋದದ್ದರಿಂದ, ಮುಂದಿನ ಹಂತವಾದ ಬಿ1 ಮುಗಿಸಿ ಬನ್ನಿ ಎಂದು ಸೌಜನ್ಯದಿಂದಲೇ ಹೇಳಿದರು. ಮೂರನೆಯವರು ಒಪ್ಪಿದರು, ಆದರೆ ಸೆಪ್ಟೆಂಬರ್‌ನಲ್ಲಿ ಕೆಲಸ ಆರಂಭವಾಗಬೇಕಿದ್ದರೆ ವೀಸಾ ಅಪಾಯಿಂಟ್‌ಮೆಂಟ್ ಅದಕ್ಕೂ ಮುಂಚೆ ಸಿಗಲಿಲ್ಲ, ಅವರಿಗೆ ಕಾಯಲಾಗಲಿಲ್ಲ. ಆ ರಾತ್ರಿ ನಾನು ಅರ್ಜಿದಾರರ ವಾಟ್ಸ್ಆ್ಯಪ್ ಗುಂಪೊಂದರಲ್ಲಿ ನನ್ನ ಕಥೆಯನ್ನೆಲ್ಲ ಬರೆದು, ಯಾರಾದರೂ ದಾರಿ ತೋರಿಸಿ ಎಂದು ಕೇಳಿದೆ.

ನಾಲ್ಕು ದಿನಗಳ ನಂತರ ಕನ್ಸಲ್ಟೆನ್ಸಿಯವರೆಂದು ಹೇಳಿಕೊಂಡು ಒಬ್ಬರು ಕರೆ ಮಾಡಿದರು. ಅಚ್ಚ ಕನ್ನಡದಲ್ಲಿ, ಮನೆಯವರಂತೆ ಮಾತನಾಡಿದರು. ನನ್ನ ಮೂರೂ ನಿರಾಕರಣೆಗಳ ವಿವರ ಅವರಿಗೆ ಗೊತ್ತಿತ್ತು. ಅದನ್ನು ನಾನೇ ಗುಂಪಿನಲ್ಲಿ ಬರೆದಿದ್ದೆನೆಂಬುದು ಆಗ ನನಗೆ ಹೊಳೆಯಲೇ ಇಲ್ಲ. ಅನುಭವಸ್ಥರು, ಆದ್ದರಿಂದ ತಿಳಿದಿದೆ ಎಂದುಕೊಂಡೆ. “ನಿಮಗೀಗ 26 ಅಲ್ವಾ ಮೇಡಂ, 27 ದಾಟಿದ್ರೆ ಮುಗೀತು, ಮತ್ತೆ ಜನ್ಮದಲ್ಲಿ ಚಾನ್ಸ್ ಇಲ್ಲ” ಎಂದರು. 27ರ ಮಿತಿ ಇರುವುದು ಎಫ್‌ಎಸ್‌ಜೆಗೆ. ಬಿಎಫ್‌ಡಿಗೆ ಗರಿಷ್ಠ ವಯೋಮಿತಿಯೇ ಇಲ್ಲ. ಈ ಒಂದು ಸಂಗತಿ ಸರಿಯಾಗಿ ತಿಳಿದಿದ್ದರೆ ಆ ಮಾತಿಗೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಮೊದಲು ಸ್ಥಾನ ಕಾಯ್ದಿರಿಸಲು 60,000 ಕೇಳಿದರು. ವಾರದಲ್ಲಿ ವೃದ್ಧಾಶ್ರಮವೊಂದರ ಲೆಟರ್‌ಹೆಡ್, ಮೊಹರು, ಸಹಿ ಇರುವ ಪತ್ರ ಬಂತು. ಅಪ್ಪ ಅದನ್ನು ದೇವರ ಮುಂದೆ ಇಟ್ಟರು. ಆಮೇಲೆ ಆರೋಗ್ಯ ವಿಮೆಗೆಂದು 45,000, ವಸತಿಯ ಠೇವಣಿಗೆಂದು 40,000 ಕೇಳಿದರು. ಒಮ್ಮೆ ಕೊಟ್ಟ ಹಣ ವ್ಯರ್ಥವಾಗಬಾರದೆಂದು ಮತ್ತೆ ಕೊಟ್ಟೆ, ಅದು ವ್ಯರ್ಥವಾಗಬಾರದೆಂದು ಮತ್ತೊಮ್ಮೆ ಕೊಟ್ಟೆ.

ಮೋಸ ಬಯಲಾದದ್ದು ಆಕಸ್ಮಿಕವಾಗಿ. ಬೇರೊಂದು ಸಂಸ್ಥೆಯ ಮೂಲಕ ಬಿಎಫ್‌ಡಿಗೆ ಆಯ್ಕೆಯಾಗಿದ್ದ ಗೆಳತಿಯೊಬ್ಬಳು ತನ್ನ ಕರಾರು ಪತ್ರವನ್ನು ತೋರಿಸಿದಳು. ಅದು ಕೇವಲ ವೃದ್ಧಾಶ್ರಮ ಕೊಟ್ಟ ಪತ್ರವಾಗಿರಲಿಲ್ಲ. ಬಿಎಫ್‌ಡಿಯಲ್ಲಿ ಒಪ್ಪಂದ ಆಗುವುದು ಸ್ವಯಂಸೇವಕರಿಗೂ ಜರ್ಮನ್ ಸರ್ಕಾರಕ್ಕೂ ನಡುವೆ. ಸರ್ಕಾರದ ಪರವಾಗಿ ಕಲೋನ್ ನಗರದಲ್ಲಿರುವ ಫೆಡರಲ್ ಕಚೇರಿ, ಅಂದರೆ ಬಾಫ್‌ಜಾ, ಅದಕ್ಕೆ ಒಪ್ಪಿಗೆ ಕೊಡಬೇಕು. ನನ್ನ ಪತ್ರದಲ್ಲಿ ಆ ಕಚೇರಿಯ ಸುಳಿವೇ ಇರಲಿಲ್ಲ. ವರ್ಷವಿಡೀ ಸೇವೆ ಮಾಡುವ ಯುವಕರಿಗೆ ಕಡ್ಡಾಯವಾಗಿರುವ 25 ದಿನಗಳ ಸೆಮಿನಾರಿನ ಪ್ರಸ್ತಾಪವೂ ಇರಲಿಲ್ಲ. ವಿಮೆಯ ವಿಷಯವಂತೂ ಕೇಳಿ ಕುಸಿದುಹೋದೆ: ಆರೋಗ್ಯ ವಿಮೆಯೂ ಸೇರಿದಂತೆ ಸ್ವಯಂಸೇವಕರ ಸಾಮಾಜಿಕ ವಿಮೆಯ ಕಂತನ್ನು ಅಲ್ಲಿನ ಸಂಸ್ಥೆಯೇ ಕಟ್ಟುತ್ತದೆ, ಮೇಲಾಗಿ ತಿಂಗಳಿಗಿಷ್ಟು ಕೈಖರ್ಚಿನ ಹಣವನ್ನೂ ಕೊಡುತ್ತದೆ. ಪತ್ರದಲ್ಲಿದ್ದ ವಿಳಾಸವನ್ನು ಬಿಟ್ಟು, ಆ ವೃದ್ಧಾಶ್ರಮದ ಜಾಲತಾಣದಿಂದಲೇ ಇಮೇಲ್ ವಿಳಾಸ ಹುಡುಕಿ ನನಗೆ ಬರುವಷ್ಟು ಜರ್ಮನ್‌ನಲ್ಲಿ ಬರೆದು ಕೇಳಿದೆ. ಎರಡು ದಿನಗಳಲ್ಲಿ ಉತ್ತರ ಬಂತು. ಆಶ್ರಮ ನಿಜವಾದದ್ದು, ಸಹಿ ಮಾಡಿದ್ದ ಹೆಸರಿನವರು ಅಲ್ಲಿ ಯಾರೂ ಇಲ್ಲ, ನನಗೆ ಅವರು ಯಾವ ಸ್ಥಾನವನ್ನೂ ಕೊಟ್ಟಿಲ್ಲ.

ಹಣಕ್ಕಿಂತ ದೊಡ್ಡ ಅಪಾಯವೊಂದು ಕೂದಲೆಳೆಯಲ್ಲಿ ತಪ್ಪಿತ್ತು. ಆ ಪತ್ರವನ್ನು ನಾನು ವೀಸಾ ಅರ್ಜಿಗೆ ಲಗತ್ತಿಸಿದ್ದರೆ, ನಕಲಿ ದಾಖಲೆ ಸಲ್ಲಿಸಿದವಳು ನಾನೇ ಆಗುತ್ತಿದ್ದೆ. ಮುಂದೆ ಪ್ರಾಮಾಣಿಕವಾಗಿ ಹಾಕುವ ಅರ್ಜಿಯನ್ನೂ ಅದು ಹಿಂಬಾಲಿಸುತ್ತಿತ್ತು. ನಿಮ್ಮ ಕೈಯಲ್ಲಿ ಇಂಥ ಪತ್ರವಿದ್ದರೆ, ದುಡ್ಡು ಹೋಗಿದ್ದರೂ ಸರಿ, ಖಚಿತಪಡಿಸಿಕೊಳ್ಳುವ ತನಕ ಅದನ್ನು ಎಲ್ಲಿಯೂ ಸಲ್ಲಿಸಬೇಡಿ.

ಆಶ್ರಮದ ಉತ್ತರ ಬಂದ ದಿನವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ, ಮರುದಿನ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆಗೆ ಹೋದೆ. ಕೊನೆಯ 40,000 ಕಳಿಸಿ ಮೂರೇ ದಿನವಾಗಿದ್ದುದರಿಂದ ಅದರಲ್ಲಿ 22,000 ರೂಪಾಯಿಯನ್ನು ಬ್ಯಾಂಕು ತಡೆಹಿಡಿಯಿತು. ಹಿಂದಿನ ಎರಡು ಕಂತುಗಳು ಹಲವು ಖಾತೆಗಳನ್ನು ದಾಟಿ ಹೋಗಿದ್ದವು. ಮರ್ಯಾದೆಗೆ ಅಂಜಿ ಒಂದು ವಾರ ಸುಮ್ಮನಿದ್ದಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ.

ಶುಲ್ಕ ಕೇಳುವವರೆಲ್ಲ ಮೋಸಗಾರರು ಎಂದು ನಾನು ಹೇಳುವುದಿಲ್ಲ. ಎರಡು ಮೂರು ವಾರಗಳ ಶಿಬಿರಗಳಿಗೆ ಊಟ ವಸತಿಯ ಖರ್ಚನ್ನು ಬಹಿರಂಗವಾಗಿ ಪ್ರಕಟಿಸಿ ತೆಗೆದುಕೊಳ್ಳುವ ಪ್ರಾಮಾಣಿಕ ಸಂಸ್ಥೆಗಳಿವೆ, ವೀಸಾ ಶುಲ್ಕವೂ ನಮ್ಮ ಪಾಲಿಗೇ ಬರಬಹುದು. ಆದರೆ ‘ಸ್ಥಾನ’ವನ್ನೇ ಮಾರುವವರು, ವೈಯಕ್ತಿಕ ಖಾತೆಗೆ ಯುಪಿಐ ಮಾಡಿಸುವವರು, ಆತಿಥೇಯ ಸಂಸ್ಥೆಯ ಜೊತೆ ನೀವು ನೇರವಾಗಿ ಮಾತನಾಡಿದರೆ ಕೆಲಸ ಕೆಡುತ್ತದೆ ಎಂದು ತಡೆಯುವವರು ಬೇರೆ. ನನ್ನನ್ನು ಅವರು ಮೂರು ಬಾರಿ ಹಾಗೆ ತಡೆದಿದ್ದರು. ನಿರಾಕರಣೆಯ ಪತ್ರವನ್ನು, ವಯಸ್ಸನ್ನು, ಫೋನ್ ನಂಬರನ್ನು ಗುಂಪುಗಳಲ್ಲಿ ಹಾಕಬೇಡಿ. ಹಾಕಿಯಾಗಿದ್ದರೆ, ನಂತರ ತಾವಾಗಿ ಬರುವ ಕರೆಗಳನ್ನು ಅನುಮಾನದಿಂದಲೇ ನೋಡಿ.

ನಾನು ಈಗ ಬಿ1 ಪರೀಕ್ಷೆ ಪಾಸಾಗಿದ್ದೇನೆ. ಎರಡನೆಯ ಬಾರಿ ನನ್ನನ್ನು ನಿರಾಕರಿಸಿದ್ದ ವೃದ್ಧಾಶ್ರಮಕ್ಕೇ, ಅವರು ಹೇಳಿದ್ದನ್ನು ನೆನಪಿಸಿ, ಪ್ರಮಾಣಪತ್ರದ ಪ್ರತಿಯೊಂದಿಗೆ ಮತ್ತೆ ಬರೆದಿದ್ದೇನೆ. ಮುಂದಿನ ತಿಂಗಳು ಇನ್ನೊಮ್ಮೆ ಸಂದರ್ಶನಕ್ಕೆ ಕರೆದಿದ್ದಾರೆ.