ಹಳೇ ಇಂಟರ್‌ಲಾಕ್ ಪ್ಯಾನೆಲ್‌ಗೆ ಲ್ಯಾಮಿಂಗ್ಟನ್ ರೋಡ್: ಏನು ಕೊಳ್ಳಬಹುದು, ಏನು ಬೇಡ

ಮುಂಬೈ ಕೊಲಾಬಾದ ಟಿಐಎಫ್‌ಆರ್‌ನಲ್ಲಿ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಪೆಲೆಟ್ರಾನ್ ಎಂಬ ಕಣ ವೇಗವರ್ಧಕ ಶುರುವಾಗಿದ್ದು 1980ರ ದಶಕದ ಕೊನೆಗೆ. ಆ ತಲೆಮಾರಿನ ವೇಗವರ್ಧಕಗಳ ಇಂಟರ್‌ಲಾಕ್ ಪ್ಯಾನೆಲ್‌ಗೆ (ಅಪಾಯವಿದ್ದಾಗ ಬೀಮ್, ಅಂದರೆ ಕಣಗಳ ಹರಿವು, ನಡೆಯದಂತೆ ತಡೆಯುವ ಸುರಕ್ಷತಾ ಪ್ಯಾನೆಲ್) ಇವತ್ತು ಬಿಡಿಭಾಗ ಹುಡುಕುವವರು ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಬಹುದು, ಆದರೆ ಅರ್ಧ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು.

ಪವರ್ ಸಪ್ಲೈ ಕೆಪಾಸಿಟರ್‌ಗೆ ಒಳ್ಳೇ ಜಾಗ. 85 ಡಿಗ್ರಿ ಶಾಖದವರೆಗೆ ತಾಳುವುದು ಬೇಡ; 105 ಡಿಗ್ರಿಯ, ಕಡಿಮೆ ಇಎಸ್‌ಆರ್‌ನದ್ದು (ಒಳಗಿನ ರೋಧ ಕಡಿಮೆ ಇರುವುದು) ಕೇಳಿ. ಕಾಲಿಗೆ ಬೆಸುಗೆ ಹತ್ತಿದ ಗುರುತಿದ್ದರೆ ಅದು ಕಿತ್ತು ತಂದ ಮಾಲು. ಪ್ಯಾನೆಲ್ ಒಳಗಿನ ಶಾಖ 10 ಡಿಗ್ರಿ ಇಳಿದರೆ ಕೆಪಾಸಿಟರ್ ಆಯುಷ್ಯ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ, ಹಾಗಾಗಿ ಫ್ಯಾನ್ ಫಿಲ್ಟರನ್ನೂ ಬದಲಿಸಿ.

ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಮಾತ್ರ ಇಲ್ಲಿ ಬೇಡವೇ ಬೇಡ. 24 ವೋಲ್ಟ್, ಅದೇ ಸಾಕೆಟ್ ಅಂತ ಕೈಗಿಡುವುದು ಸಾಮಾನ್ಯವಾಗಿ ಸಾದಾ ರಿಲೇ. ಸೇಫ್ಟಿ ರಿಲೇಯ ಕಾಂಟ್ಯಾಕ್ಟ್‌ಗಳು ಯಾಂತ್ರಿಕವಾಗಿ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಒಂದು ಎನ್‌ಓ (ಸಾಮಾನ್ಯವಾಗಿ ತೆರೆದಿರುವ) ಕಾಂಟ್ಯಾಕ್ಟ್ ಬೆಸೆದು ಅಂಟಿದರೆ ಎನ್‌ಸಿ (ಸಾಮಾನ್ಯವಾಗಿ ಮುಚ್ಚಿರುವ) ಕಾಂಟ್ಯಾಕ್ಟ್ ಮುಚ್ಚುವುದಿಲ್ಲ, ಕನಿಷ್ಠ 0.5 ಮಿ.ಮೀ. ಅಂತರ ಉಳಿಯುತ್ತದೆ, ಬೀಮ್ ಮತ್ತೆ ಚಾಲೂ ಆಗದಂತೆ ತಡೆಯುವುದು ಅದೇ. ಸಾದಾ ರಿಲೇ ಹಾಕಿದರೂ ಪ್ಯಾನೆಲ್ ಸಲೀಸಾಗಿ ನಡೆಯುತ್ತದೆ, ಅದೇ ಅಪಾಯ: ದೋಷ ಕಣ್ಣಿಗೆ ಬೀಳುವುದಿಲ್ಲ. ಇಂಥ ರಿಲೇಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 61810-3 ನಮೂದಿಸಿದ ಪ್ರಮಾಣಪತ್ರದ ಜೊತೆಗೆ ಅಧಿಕೃತ ಡೀಲರ್ ಹತ್ತಿರವೇ ತನ್ನಿ, ದುಬಾರಿಯಾದರೂ.

ಪಿಎಲ್‌ಸಿಯ (ಪ್ಯಾನೆಲ್ ನಡೆಸುವ ಪುಟ್ಟ ಕಂಪ್ಯೂಟರ್) ಲಿಥಿಯಂ ಬ್ಯಾಟರಿ ಸಿಗುತ್ತದೆ, ತಯಾರಿಕೆಯ ತಾರೀಖು ನೋಡಿ. ಪ್ರೋಗ್ರಾಮ್ ರ್‍ಯಾಮ್‌ನಲ್ಲಿದ್ದರೆ (ವಿದ್ಯುತ್ ಹೋದರೆ ಅಳಿಸಿಹೋಗುವ ಮೆಮೊರಿ) ಮೊದಲು ಪ್ರತಿ ತೆಗೆದು, ಮ್ಯಾನುಯಲ್ ಒಪ್ಪಿದರೆ ಪವರ್ ಇದ್ದಾಗಲೇ ಬದಲಿಸಿ. ತಂತಿ, ಟರ್ಮಿನಲ್‌ಗೆ ಚೌಕಾಸಿ ನಡೆಯುತ್ತದೆ. ಜಿಎಸ್‌ಟಿ ಬಿಲ್ ಬಿಡಬೇಡಿ, ಆಡಿಟ್‌ನವರು ಮೊದಲು ಕೇಳುವುದೇ ಅದನ್ನು.